ಭಾನುವಾರದ ಮಾತುಕತೆ: ಪ್ರಣಯ್ ರಾಯ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4 ಗಂಟೆಗೆ ಬದಿಯಡ್ಕದ ನಮ್ಮ ವಾಚನಾಲಯದಲ್ಲಿ ಸೇರಿ, ಟಿವಿ ಪತ್ರಕರ್ತ ಪ್ರಣಯ್ ರಾಯ್ ಬಗ್ಗೆ ಮಾತಾಡೋಣ.

1988ರಲ್ಲಿ ದೂರದರ್ಶನದಲ್ಲಿ ಶುರುವಾದ ಅವರ ಸುದ್ದಿ ಕಾರ್ಯಕ್ರಮ ‘ದಿ ವರ್ಲ್ಡ್ ದಿಸ್ ವೀಕ್’ ಹಿರಿಯರಿಗೆ ನೆನಪಿರಬಹುದು. ಪತ್ನಿ ರಾಧಿಕಾ ರಾಯ್ ಜತೆ ಅವರು ಕಟ್ಟಿದ ಎನ್‌ಡಿಟಿವಿ 2003ರಲ್ಲಿ ಸ್ವಂತ ಸುದ್ದಿ ಚಾನೆಲ್ ತೆರೆಯಿತು. 2022ರ ಕೊನೆಗೆ ಅದು ಅದಾನಿ ಸಮೂಹದ ಕೈಸೇರಿತು, ಇಬ್ಬರೂ ಹೊರಬಂದರು. ಇದೆಲ್ಲ ಗೊತ್ತಿರುವುದೇ.

ನನಗೆ ಜಾಸ್ತಿ ಇಷ್ಟ ಅವರ ಚುನಾವಣಾ ಲೆಕ್ಕ. ಓದಿದ್ದು ಅರ್ಥಶಾಸ್ತ್ರ ನೋಡಿ. ಮತ ಎಷ್ಟು ಶೇಕಡಾ ವಾಲಿತು ಎಂಬುದಷ್ಟೇ ಸಾಲದು, ಎದುರು ಪಕ್ಷಗಳ ಮತ ಎಷ್ಟು ಒಡೆಯಿತು ಎಂಬುದನ್ನೂ ಅಳೆಯಬೇಕು ಎಂದು ಅರ್ಥಶಾಸ್ತ್ರಜ್ಞ ಅಶೋಕ್ ಲಾಹಿರಿ, ಬ್ರಿಟನ್ನಿನ ಚುನಾವಣಾ ತಜ್ಞ ಡೇವಿಡ್ ಬಟ್ಲರ್ ಜತೆ ಸೇರಿ ತೋರಿಸಿಕೊಟ್ಟರು. ತ್ರಿಕೋನ ಸ್ಪರ್ಧೆಯ ಮಂಜೇಶ್ವರದ ಪಕ್ಕದವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? 2016ರ ವಿಧಾನಸಭಾ ಚುನಾವಣೆಯಲ್ಲಿ ಆ ಕ್ಷೇತ್ರದ ಸೋಲು-ಗೆಲುವಿನ ಅಂತರ ಬರೀ 89 ಮತ! ಎಣಿಕೆ ದಿನ ಮಲಯಾಳ ಚಾನೆಲ್ಲಿಗೂ ಕನ್ನಡ ಚಾನೆಲ್ಲಿಗೂ ರಿಮೋಟ್ ಒತ್ತುತ್ತಾ ಕೂರುವವರು ನಾವೇ ಅಲ್ವಾ.

ಪಕ್ಷದ ಜಗಳ, ಫಾರ್ವರ್ಡ್ ಮೆಸೇಜು ಇಲ್ಲಿ ಬೇಡ. ಬರುವವರು ಶನಿವಾರದೊಳಗೆ ತಿಳಿಸಿ, ಗೋಳಿಬಜೆಗೆ ಹೇಳಬೇಕು.