ಸೋಲಾರ್ ಕಲಿಸುವವರಿಗೂ ಒಂದು ನೆಲೆ ಬೇಕು: ಕೌಶಲ್ಯಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಉಡುಪಿಯವನು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತು, ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ, ಈಗ ಅದೇ ಕೆಲಸವನ್ನು ಹುಡುಗ ಹುಡುಗಿಯರಿಗೆ ಕಲಿಸುತ್ತಿದ್ದೇನೆ. ಕಲಿಯುವವರ ಬಗ್ಗೆ ಸರ್ಕಾರಗಳು ಬೇಕಾದಷ್ಟು ಮಾತಾಡಿವೆ. ನನ್ನ ಪತ್ರ ಕಲಿಸುವವರ ಬಗ್ಗೆ.

ಮನೆಗಳ ಮೇಲೆ ಸೋಲಾರ್ ಹಾಕಿಸಲು 2024ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ. ಮೂರು ಕಿಲೋವ್ಯಾಟ್ ಹಾಕಿಸಿಕೊಂಡರೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ನಮ್ಮ ಕಡೆಯೂ ಜನ ವಿಚಾರಿಸುತ್ತಿದ್ದಾರೆ. ಸಹಾಯಧನ ಎಷ್ಟು, ಯಾವಾಗ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಮಾಡು (ಛಾವಣಿ) ಹತ್ತುವ ಹುಡುಗನಿಗೆ ಕೆಲಸ ಕಲಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ.

ಪಾವಗಡದ ಸೋಲಾರ್ ಪಾರ್ಕಿನ ಬಯಲಿನಲ್ಲಿ ಕಲಿತದ್ದು ಕುಂದಾಪುರದ ಮಾಡಿನ ಮೇಲೆ ಸಾಲದು. ಹಂಚಿನ ಮಾಡಾದರೆ ಭಾರ ಹಂಚಿನ ಮೇಲೆ ಬೀಳದಂತೆ ಪ್ಯಾನೆಲ್ ಹಿಡಿಯುವ ಕೊಕ್ಕೆಯನ್ನು ಅಡಿಯ ಪಕ್ಕಾಸಿಗೆ (ಹಂಚು ಹೊರುವ ಮರಕ್ಕೆ) ಬಿಗಿಯಬೇಕು. ಒಂದು ಹಂಚು ಬಿರುಕು ಬಿಟ್ಟರೂ ಜೂನ್‌ನಲ್ಲಿ ಮನೆಯೊಳಗೆ ನೀರು. ತಾರಸಿ ಮನೆಯಾದರೆ ಅಡಿಕೆ ಒಣಗಿಸಲು ಜಾಗ ಬಿಡಬೇಕು, ತೆಂಗಿನ ನೆರಳು ಯಾವ ತಿಂಗಳು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಬೇಕು. ಮಲ್ಪೆ, ಕಾಪು ಕಡೆಯ ಉಪ್ಪುಗಾಳಿಗೆ ಸಾಧಾರಣ ಬೋಲ್ಟು ಬೇಗ ತುಕ್ಕು ಹಿಡಿಯುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಒಣ ನೆಲದಲ್ಲಿ ಒಳ್ಳೆಯ ಅರ್ಥಿಂಗ್, ಅಂದರೆ ಕರೆಂಟನ್ನು ನೆಲಕ್ಕಿಳಿಸುವ ದಾರಿ, ಸಿಗುವುದೇ ಕಷ್ಟ, ಸಿಡಿಲು ಹೆಚ್ಚಾಗಿ ಬರುವುದೂ ಆ ನೆಲ ಒಣಗಿರುವ ಏಪ್ರಿಲ್, ಮೇ ತಿಂಗಳಲ್ಲಿ.

ಜೀವದ ಪ್ರಶ್ನೆಯೂ ಇದೆ. ಮೈನ್ ಸ್ವಿಚ್ ಆರಿಸಿದರೂ ಬಿಸಿಲಿರುವಷ್ಟು ಹೊತ್ತು ಪ್ಯಾನೆಲಿನ ತಂತಿಯಲ್ಲಿ ನೂರಾರು ವೋಲ್ಟ್ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು) ಇದ್ದೇ ಇರುತ್ತದೆ. ಮನೆಗೆ ಬರುವ ಎಸಿ ಕರೆಂಟು ದಿಕ್ಕು ಬದಲಿಸುತ್ತ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಆರಲು ಅವಕಾಶವಿದೆ. ಡಿಸಿಗೆ ಆ ವಿರಾಮವಿಲ್ಲ; ಸರಿಯಾಗಿ ಕೂರದ ಒಂದು ಕನೆಕ್ಟರ್ ಸಾಕು, ಬೆಂಕಿ ಹತ್ತಲು. ಇದನ್ನೆಲ್ಲ ವಿಡಿಯೊ ತೋರಿಸಿ ಕಲಿಸಲಾಗದು. ಪಕ್ಕದಲ್ಲಿ ನಿಂತು, ಕೈ ಹಿಡಿದು, ತಪ್ಪಿದಲ್ಲಿ ತಡೆದು ಕಲಿಸಬೇಕು.

ಹಾಗೆ ಕಲಿಸಬಲ್ಲವರು ಉಳಿಯುತ್ತಿಲ್ಲ. ಕೇಂದ್ರದ ಸೂರ್ಯಮಿತ್ರ ತರಬೇತಿ 600 ಗಂಟೆಗಳದ್ದು, ಸುಮಾರು ಮೂರು ತಿಂಗಳು. ಒಳ್ಳೆಯ ಆರಂಭವೇ. ಆದರೆ ನಾನು ಹಿಂದೆ ಕಲಿಸುತ್ತಿದ್ದ ಕೇಂದ್ರದಲ್ಲಿ ಬ್ಯಾಚ್ ಇದ್ದರೆ ಸಂಬಳ, ಬ್ಯಾಚ್ ಮುಗಿದರೆ ಮನೆ. ಜೊತೆಗಿದ್ದ ಗೆಳೆಯ ನನಗಿಂತ ಚೆನ್ನಾಗಿ ಕಲಿಸುತ್ತಿದ್ದ. ಮದುವೆಯಾಯಿತು, ಸಾಲವಾಯಿತು, ಗಲ್ಫಿಗೆ ಹೋದ. ಅವನ ಅನುಭವವೂ ಅವನೊಟ್ಟಿಗೆ ವಿಮಾನ ಹತ್ತಿತು. ಹೊಸ ಬ್ಯಾಚಿಗೆ ಬಂದವರು ಹಂಚಿನ ಮಾಡು ಹತ್ತಿದವರೇ ಅಲ್ಲ.

ತರಬೇತಿ ಹೇಗಿರಬೇಕೆಂದು ದೇಶಕ್ಕೆ ತೋರಿಸಿಕೊಟ್ಟ ಕರಾವಳಿ ಇದು, ಸಚಿವರೇ. 1982ರಲ್ಲಿ ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆಯನ್ನೇ ಮಾದರಿಯಾಗಿಟ್ಟು ಮುಂದೆ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಕೇಂದ್ರಗಳು ಹುಟ್ಟಿದವು. ತರಬೇತಿ ಮುಗಿದ ಮೇಲೂ ಕಲಿತವರ ಬೆನ್ನಿಗೆ ನಿಲ್ಲುವುದು ಅದರ ದೊಡ್ಡ ಗುಣ. ಸೋಲಾರ್‌ಗೂ ಆ ಶ್ರದ್ಧೆ ಬೇಕು.

ಆದ್ದರಿಂದ ಕೇಳುತ್ತಿದ್ದೇನೆ. ಉಡುಪಿ ಮತ್ತು ದಕ್ಷಿಣ ಕನ್ನಡದ ಒಂದೊಂದು ಸರ್ಕಾರಿ ಐಟಿಐಯಲ್ಲಿ ಸೌರ ತರಬೇತುದಾರರ ಹುದ್ದೆಗಳನ್ನು ವರ್ಷಪೂರ್ತಿ ಸಂಬಳದೊಂದಿಗೆ, ಬಡ್ತಿಯ ದಾರಿಯೊಂದಿಗೆ ಮಂಜೂರು ಮಾಡಿ. ಡಿಗ್ರಿಗಿಂತ ಮಾಡು ಹತ್ತಿದ ಅನುಭವಕ್ಕೆ ಹೆಚ್ಚು ಅಂಕ ಕೊಡಿ. ವರ್ಷಕ್ಕೆ ಒಂದೆರಡು ತಿಂಗಳು ಅವರನ್ನು ಕಡ್ಡಾಯವಾಗಿ ಫೀಲ್ಡಿಗೆ ಕಳಿಸಿ. ಇನ್ವರ್ಟರ್‌ಗಳು ಬದಲಾಗುವ ವೇಗಕ್ಕೆ ಹಳೇ ಪಾಠ ಬೇಗ ಹಳಸುತ್ತದೆ. ಐಟಿಐ ಆವರಣದಲ್ಲೇ ಹಂಚು, ಶೀಟು, ತಾರಸಿ ಮೂರೂ ಬಗೆಯ ಮಾಡು ಕಟ್ಟಿಸಿ, ಮಳೆಗಾಲದಲ್ಲೂ ಅಲ್ಲೇ ಪಾಠ ನಡೆಯಲಿ. ಹುಡುಗಿಯರೂ ಬರುತ್ತಿರುವುದರಿಂದ ತರಬೇತುದಾರರಲ್ಲಿ ಮಹಿಳೆಯರೂ ಇರಲಿ.

ಇನ್ನೊಂದು ಮಾತು ಅಪ್ರೆಂಟಿಸ್‌ಶಿಪ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವುದರ ಬಗ್ಗೆ. 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾನು ಕಂಡಂತೆ ಇಲ್ಲಿ ಸೋಲಾರ್ ಹಾಕುವವರು ನಾಲ್ಕೈದು ಜನರ ಸಣ್ಣ ತಂಡಗಳು. ಅವರು ಒಬ್ಬ ಹುಡುಗನನ್ನು ವರ್ಷವಿಡೀ ಇಟ್ಟುಕೊಂಡು ಕಲಿಸುವಂತಾಗಲು ಸ್ಟೈಪೆಂಡ್‌ನ ದೊಡ್ಡ ಪಾಲನ್ನು ರಾಜ್ಯವೇ ಭರಿಸಲಿ.

ಮುಂದಿನ ಬಜೆಟ್‌ಗೆ ಇಲಾಖೆಯ ಬೇಡಿಕೆ ಕಳಿಸುವಾಗ ಈ ಹುದ್ದೆಗಳನ್ನು ಸೇರಿಸಿ. ಕರಾವಳಿಗೆ ಹೊಂದುವ ಪಠ್ಯಕ್ರಮ ಬರೆಯಲು ಸಮಿತಿ ಮಾಡುವುದಾದರೆ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ಗಳನ್ನೂ ಕೂರಿಸಿ. ಕರೆದರೆ ನಾನೂ ಬರುತ್ತೇನೆ.

ಇತಿ,
ಒಬ್ಬ ಸೌರ ತರಬೇತುದಾರ
ಉಡುಪಿ