ತೋಡಿನ ಬದಿಯ ಅತ್ತಿಮರ

ಗಂಬೋವಾ, ಪನಾಮಾ
ಮಾರ್ಚ್ 9

ಪ್ರೀತಿಯ ಅಪ್ಪನಿಗೆ, ಅವ್ವನಿಗೆ,

ನಿಮ್ಮ ಮಗಳ ನಮಸ್ಕಾರಗಳು. ಭಾನುವಾರ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಅಪ್ಪ, ನೀವು ಹೇಳಿದ ಒಂದು ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ತೋಡಿನ ಬದಿಯ ಅತ್ತಿಮರವನ್ನು ಕಡಿಸುತ್ತೇನೆ ಎಂದಿರಿ. ಕೋತಿಗಳ ಹಿಂಡು ಅಲ್ಲೇ ಬೀಡುಬಿಡುತ್ತದೆ, ಮರ ಹೋದರೆ ಕಾಟವೂ ಹೋಗುತ್ತದೆ, ಆ ಜಾಗದಲ್ಲಿ ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸಬಹುದು ಎಂದಿರಿ. ಫೋನಿನಲ್ಲಿ ವಾದ ಮಾಡಲು ಮನಸ್ಸಾಗಲಿಲ್ಲ. ಈ ಪತ್ರವನ್ನು ಓದಿ ಮುಗಿಸುವವರೆಗೆ ಗರಗಸದವರಿಗೆ ಹೇಳಿಕಳುಹಿಸಬೇಡಿ.

ನಷ್ಟ ಎಷ್ಟಾಗಿದೆ ಎಂಬುದು ನನಗೆ ಗೊತ್ತಿದೆ. ಏಲಕ್ಕಿಯ ಎಳೆಸುಳಿ ಸೀಳಿಹಾಕಿದ್ದು, ಕಿತ್ತಳೆ ಹಣ್ಣಾಗುವ ಮೊದಲೇ ನೆಲ ಕಂಡಿದ್ದು, ಹಂಚು ಸರಿಸಿ ಅಡುಗೆಮನೆಗೆ ಇಳಿದು ಬಾಳೆಗೊನೆಯನ್ನೇ ಎಳೆದೊಯ್ದದ್ದು. ಇಷ್ಟು ದೂರ ಕುಳಿತು ಅದನ್ನೆಲ್ಲ ಸಣ್ಣದು ಎನ್ನುವ ಹಕ್ಕು ನನಗಿಲ್ಲ. ಆದರೆ ಇಲ್ಲಿ ದಿನವೂ ಕೋತಿಗಳ ಹಿಂದೆಯೇ ಅಲೆಯುತ್ತಿರುವುದರಿಂದ ನಿಮಗೆ ಹೇಳಲೇಬೇಕಾದದ್ದು ಸ್ವಲ್ಪ ಇದೆ.

ನಾನು ದೋಣಿಯಲ್ಲಿ ಹೋಗುವ ಬಾರೋ ಕೊಲೊರಾಡೊ ಮೊದಲು ದ್ವೀಪವೇ ಅಲ್ಲ, ಬೆಟ್ಟ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಸುತ್ತಲಿನ ಕಣಿವೆಗಳು ಮುಳುಗಿ, ಬೆಟ್ಟದ ಮೇಲ್ಭಾಗ ಮಾತ್ರ ಉಳಿಯಿತು. ಹಾರಂಗಿ ಹಿನ್ನೀರಿನ ನಡುವೆ ಎದ್ದು ನಿಂತ ಗುಡ್ಡಗಳನ್ನು ನೆನೆಸಿಕೊಳ್ಳಿ. ಇದು ಸುಮಾರು 1,500 ಹೆಕ್ಟೇರಿನದು. 1923ರಿಂದ ಅಧ್ಯಯನಕ್ಕೆಂದೇ ಮೀಸಲಿಟ್ಟ ಕಾಡು, ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಶೋಧನಾ ಸಂಸ್ಥೆಯ ಸುಪರ್ದಿಯಲ್ಲಿದೆ.

ನಸುಕಿನಲ್ಲಿ ಹೌಲರ್ ಕೋತಿಗಳು ಕೂಗತೊಡಗಿದರೆ ಮೈ ನಡುಗುತ್ತದೆ. ಮೊದಲ ದಿನ ಹುಲಿಯೇ ಇರಬೇಕು ಎಂದುಕೊಂಡೆ. ನೋಡಿದರೆ ನಮ್ಮ ನಾಯಿಗಿಂತ ಚಿಕ್ಕ ಪ್ರಾಣಿ. ಗಂಟಲಿನಲ್ಲಿ ಬಟ್ಟಲಿನಂಥ ಟೊಳ್ಳು ಮೂಳೆ ಇದೆ, ಅದರಿಂದಾಗಿಯೇ ದನಿ ಒಂದು ಕಿಲೋಮೀಟರಿಗೂ ಆಚೆ ಕೇಳಿಸುತ್ತದೆ. ಕೂಗಿ ಮುಗಿಸಿದ ಮೇಲೆ ಬಹುಪಾಲು ಹೊತ್ತು ವಿಶ್ರಾಂತಿ. ಎಲೆ ತಿನ್ನುವ ಜೀವ, ತಿಂದದ್ದು ಅರಗಿ ಹೊರಬರಲು ಸುಮಾರು 20 ಗಂಟೆ ಬೇಕು. ಸ್ಪೈಡರ್ ಕೋತಿಯ ರೀತಿಯೇ ಬೇರೆ. ಅದು ಹಣ್ಣನ್ನೇ ನಂಬಿದೆ, ಹಣ್ಣು ಹೊಟ್ಟೆಯಲ್ಲಿ ನಿಲ್ಲುವುದು ನಾಲ್ಕು ಗಂಟೆ ಅಷ್ಟೆ. ದೇಹದ ತೂಕ ಹೆಚ್ಚುಕಡಿಮೆ ಒಂದೇ ಆದರೂ ಮಿದುಳು ಮಾತ್ರ ಹೌಲರ್‌ನದರ ಎರಡರಷ್ಟು: ಅದಕ್ಕೆ 50 ಗ್ರಾಂ, ಇದಕ್ಕೆ 107. ಕ್ಯಾಥರೀನ್ ಮಿಲ್ಟನ್ ಎಂಬ ವಿಜ್ಞಾನಿ ಇದೇ ದ್ವೀಪದಲ್ಲಿ ವರ್ಷಗಟ್ಟಲೆ ಎರಡನ್ನೂ ಹಿಂಬಾಲಿಸಿ, ಕಾಡಿನಲ್ಲಿ ಯಾವ ಮರ ಎಲ್ಲಿದೆ, ಯಾವಾಗ ಹಣ್ಣಾಗುತ್ತದೆ ಎಂದು ನೆನಪಿಡಬೇಕಾದ ಜೀವಕ್ಕೆ ಅಷ್ಟು ಮಿದುಳು ಬೇಕೇ ಬೇಕು ಎಂದು ವಾದಿಸಿದರು. ನಮ್ಮ ಹಿಂಡಿಗೂ ಅತ್ತಿಮರದ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿದೆ, ಅಪ್ಪ.

ತಮ್ಮನಿಗೆ ಹೇಳಿ: ಸ್ಪೈಡರ್ ಕೋತಿಗೆ ಬಾಲವೇ ಐದನೆಯ ಕೈ. ಬಾಲದ ತುದಿಯ ಒಳಭಾಗದಲ್ಲಿ ರೋಮವಿಲ್ಲ, ನಮ್ಮ ಬೆರಳ ತುದಿಯಂತೆ ಗೆರೆಗಳಿವೆ. ಮೊನ್ನೆ ಒಂದು ತಾಯಿ ಎರಡು ಮರಗಳ ನಡುವಿನ ಸಂದಿಯಲ್ಲಿ ಬಾಲದಿಂದ ಒಂದು ಕೊಂಬೆ, ಕೈಗಳಿಂದ ಇನ್ನೊಂದು ಕೊಂಬೆ ಹಿಡಿದು ತಾನೇ ಸೇತುವೆಯಾಗಿ ನಿಂತಿತು. ಮರಿ ಅದರ ಬೆನ್ನ ಮೇಲೆ ಹಾದು ಆಚೆ ಸೇರುವವರೆಗೂ ಕದಲಲಿಲ್ಲ. ನಮ್ಮ ಕಡೆಯ ಯಾವ ಕೋತಿಯೂ ಹೀಗೆ ಬಾಲದಿಂದ ಹಿಡಿಯಲಾರದು. ಬದಲಿಗೆ ನಮ್ಮದಕ್ಕೆ ಕೆನ್ನೆಚೀಲವಿದೆ, ಇಲ್ಲಿನವಕ್ಕೆ ಅದಿಲ್ಲ.

ನನ್ನ ಕೆಲಸದ ಹೆಚ್ಚಿನ ಪಾಲು ಕೋತಿಗಳ ಹಿಕ್ಕೆಯದು. ಆರಿಸಿ ತಂದು, ಜರಡಿಯಲ್ಲಿ ಹಾಕಿ, ನೀರು ಬಿಟ್ಟು ತೊಳೆದು, ಬೀಜ ಎಣಿಸುತ್ತೇನೆ. ಅವ್ವ ಅಕ್ಕಿ ಕೇರುವ ಹಾಗೆಯೇ ಕಣ್ಣು ನೆಟ್ಟು ಕೂರಬೇಕು. ಸಾಸಿವೆಗಿಂತ ಚಿಕ್ಕ ಅತ್ತಿಜಾತಿಯ ಬೀಜಗಳು ಎಣಿಸಿ ಮುಗಿಯುವುದಿಲ್ಲ. ಕಾಡಿನಲ್ಲೇ ಬಿಟ್ಟ ಹಿಕ್ಕೆಗೆ ಸಗಣಿಹುಳುಗಳು ಬೇಗನೆ ಬಂದು ಮುತ್ತಿ, ಬೀಜದ ಸಮೇತ ಮಣ್ಣಿನೊಳಗೆ ಎಳೆದುಕೊಳ್ಳುತ್ತವೆ. ತಾಯಿಮರದ ಬುಡದಿಂದ ದೂರ, ಗೊಬ್ಬರದ ಜೊತೆಗೇ ಬಿತ್ತನೆಯಾದಂತೆ.

ಈಗ ಮುಖ್ಯ ವಿಷಯ. ಇಲ್ಲಿಯೂ ಮಳೆ ಕಾಲಕ್ಕೆ ಬರಬೇಕು, ಕಾಲಕ್ಕೆ ನಿಲ್ಲಬೇಕು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಗಾಲ. ಆ ಬಿಸಿಲು ತಾಗಿ, ಮತ್ತೆ ಮಳೆ ಬಿದ್ದಾಗ ಎಷ್ಟೋ ಮರಗಳು ಹೂವಿಗೆ ಬರುತ್ತವೆ. ಕಾಫಿ ಹೂವರಳಿಸುವ ನಮ್ಮ ಹೂಮಳೆಯ ಕಥೆಯೇ, ನಿಮಗೆ ಬಿಡಿಸಿ ಹೇಳಬೇಕಿಲ್ಲ. 1970ರಲ್ಲಿ ಒಣಗಾಲದಲ್ಲೂ ಮಳೆ ಬಿಡಲಿಲ್ಲ. ಹೂವು ಕೈಕೊಟ್ಟಿತು, ವರ್ಷದ ಕೊನೆಗೆ ಬರಬೇಕಾದ ಹಣ್ಣು ಬರಲೇ ಇಲ್ಲ. ಕಾಡಿನಲ್ಲಿ ಬರ ಬಿತ್ತು. ಸತ್ತ ಪ್ರಾಣಿಗಳನ್ನು ತಿಂದು ಮುಗಿಸಲು ರಣಹದ್ದುಗಳಿಗೂ ಆಗಲಿಲ್ಲವಂತೆ. ಈ ದ್ವೀಪದಲ್ಲಿ ಸ್ಪೈಡರ್ ಕೋತಿಗಳು ಬೇಟೆಗೆ ಸಿಕ್ಕಿ ಹಿಂದೆಯೇ ಅಳಿದಿದ್ದವು. 1959ರಿಂದ 66ರ ನಡುವೆ ಪೇಟೆಯಲ್ಲಿ ಮಾರಾಟಕ್ಕಿಟ್ಟ ಮರಿಗಳನ್ನು ಕೊಂಡು ತಂದು ಮತ್ತೆ ಬಿಟ್ಟಿದ್ದರು. ಹಾಗಾಗಿ ಅವಕ್ಕೆ ಮನುಷ್ಯರ ಭಯ ಕಡಿಮೆ, ಸಂಶೋಧನಾ ಕೇಂದ್ರದ ಸುತ್ತ ಮೊದಲಿನಿಂದಲೂ ಸುಳಿದಾಡುತ್ತಿದ್ದವು. ಆದರೆ ಬಾಗಿಲು ತೆರೆಯುವುದನ್ನು ಕಲಿತದ್ದು ಆ ಹಸಿವಿನ ವರ್ಷದಲ್ಲೇ. ಊಟದ ಮೇಜಿನವರೆಗೆ ನುಗ್ಗಿ ಬಾಳೆಹಣ್ಣು, ಬ್ರೆಡ್ ಎತ್ತಿಕೊಂಡು ಓಡುತ್ತಿದ್ದವಂತೆ.

ಇದನ್ನು ಓದಿದಾಗ ನನಗೆ ಕಂಡದ್ದು ನಮ್ಮ ಅಡುಗೆಮನೆಯ ಸರಿದ ಹಂಚು.

ಕಾಡು ಬರಿದಾದ ತಿಂಗಳುಗಳಲ್ಲಿ ಉಳಿದೆಲ್ಲ ಮರಗಳು ಕೈಬಿಟ್ಟರೂ ಅತ್ತಿ, ಆಲ, ಗೋಳಿ, ಬಸರಿಗಳು ಕೈಬಿಡುವುದಿಲ್ಲ. ಕಾರಣ ಒಂದು ಪುಟ್ಟ ಕಣಜ. ಅತ್ತಿಯ ಹೂವು ಕಾಯಿಯ ಒಳಗೇ ಇರುತ್ತದೆ, ಪರಾಗ ತರುವುದು ಆ ಕಣಜ ಮಾತ್ರ, ಅದರ ಆಯುಸ್ಸು ಒಂದೆರಡು ದಿನ. ಒಂದು ಮರದಿಂದ ಹೊರಟ ಕಣಜಕ್ಕೆ ಅಷ್ಟರೊಳಗೆ ಇನ್ನೊಂದು ಮರದ ಎಳೆಗಾಯಿ ಸಿಗಬೇಕು. ಆದ್ದರಿಂದ ಎಲ್ಲ ಮರಗಳೂ ಒಟ್ಟಿಗೆ ಕಾಯಿ ಬಿಡುವಂತಿಲ್ಲ. ಒಂದು ಮುಗಿಯುವಾಗ ಇನ್ನೊಂದು ಸಿದ್ಧವಾಗಿರುತ್ತದೆ. ವರ್ಷವಿಡೀ ಎಲ್ಲೋ ಒಂದು ಕಡೆ ಹಣ್ಣು. ಆ ಸರಣಿಯಲ್ಲಿ ಒಂದೊಂದೇ ಮರ ಹೋದಂತೆ ನಡುವೆ ಖಾಲಿ ವಾರಗಳು ಬೀಳುತ್ತವೆ. ಕೆಳಗಿನ ತೋಟದ ಗೋಳಿ ಹೋಯಿತು, ರಸ್ತೆ ಅಗಲ ಮಾಡುವಾಗ ಎರಡು ಆಲ ಹೋದವು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ಅದರಲ್ಲಿ ಕೋತಿಗೆ ತಿನ್ನಲು ಒಂದು ಹಣ್ಣೂ ಇಲ್ಲ.

ನೆನಪಿದೆಯೇ, ಅತ್ತಿಯ ಕಾಂಡಕ್ಕೆ ಗೊಂಚಲು ಅಂಟಿ ಕೆಂಪಾಗಿರುವ ದಿನಗಳಲ್ಲಿ ಅಜ್ಜಿ ಅಂಗಳದಲ್ಲಿ ಸಂಡಿಗೆ ಹರವಿ ಕಾವಲಿಲ್ಲದೆ ಒಳಗೆ ಹೋಗುತ್ತಿದ್ದರು. ಹಿಂಡು ತೋಡಿನ ಬಳಿಯೇ ಇರುತ್ತಿತ್ತು. ಆ ಮರ ಅವುಗಳನ್ನು ನಮ್ಮ ಮನೆಗೆ ಕರೆಯುತ್ತಿಲ್ಲ ಅಪ್ಪ, ತಡೆದು ನಿಲ್ಲಿಸಿದೆ.

ಪಕ್ಕದ ತೋಟದವರು ಹಿಡಿಸಿ ಕಾಡಿಗೆ ಬಿಡಿಸುವ ಮಾತಾಡಿದ್ದಾರೆ ಎಂದಿರಿ. ಅದಕ್ಕೆ ಸೇರಬೇಡಿ. ನಮ್ಮ ಕೋತಿಗಳಲ್ಲಿ ಹೆಣ್ಣು ಹುಟ್ಟಿದ ಗುಂಪಿನಲ್ಲೇ ಸಾಯುವವರೆಗೆ ಇರುತ್ತದೆ. ಅಜ್ಜಿ, ತಾಯಿ, ಮಗಳು ಒಟ್ಟಿಗೆ. ಊರು ಬಿಡುವುದು ಗಂಡು. (ಇಲ್ಲಿನ ಸ್ಪೈಡರ್ ಕೋತಿಗಳಲ್ಲಿ ತಿರುಗುಮುರುಗು, ಹೆಣ್ಣೇ ತವರು ಬಿಟ್ಟು ಹೊರಡುತ್ತದೆ. ಅವು ಹೋಗುವುದನ್ನು ನೋಡುವಾಗ ಅವ್ವ ನೆನಪಾಗುತ್ತಾಳೆ.) ಬಲೆಗೆ ಅರ್ಧ ಗುಂಪು ಸಿಕ್ಕಿ, ಅರ್ಧ ಉಳಿದರೆ ಆ ಸಂಸಾರವೇ ಒಡೆದಂತೆ. ಗೊತ್ತಿಲ್ಲದ ಕಾಡಿನಲ್ಲಿ ಬಿಟ್ಟವಕ್ಕೆ ಯಾವ ಮರ ಎಲ್ಲಿದೆ ಎಂದು ತಿಳಿಯದು, ಅಲ್ಲಿನ ಊರಿನ ಹಂಚನ್ನು ಸರಿಸುತ್ತವೆ. ರಸ್ತೆ ಬದಿಯಲ್ಲಿ ಕಾಣುವುದರಿಂದ ಕೋತಿ ಹೆಚ್ಚಿದೆ ಎನಿಸುತ್ತದೆ. ಮೈಸೂರು ವಿಶ್ವವಿದ್ಯಾಲಯದವರು ವರ್ಷಗಳ ಕಾಲ ಎಣಿಸಿ ಕಂಡದ್ದು ಇಳಿಕೆಯನ್ನೇ, ಅದರಲ್ಲೂ ಸಾಲುಮರ ಕಡಿದ ರಸ್ತೆಗಳ ಉದ್ದಕ್ಕೆ.

ಚಿಕ್ಕವಳಿದ್ದಾಗ ಮಾಕುಟ್ಟದ ದಾರಿಯಲ್ಲಿ ನೀವು ಜೀಪು ನಿಲ್ಲಿಸಿ ಸಿಂಗಳೀಕ ತೋರಿಸಿದಿರಿ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಕಾಡುಹಲಸಿನ ತೊಳೆ ಬಿಡಿಸುತ್ತ ನಮ್ಮನ್ನು ಒಮ್ಮೆ ನೋಡಿ ಮತ್ತೆ ಹಲಸಿಗೆ ತಿರುಗಿತು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ ಎಂದು ಅಂದು ಹೇಳಿದವರು ನೀವೇ. ನಾನು ಈ ಕೆಲಸಕ್ಕೆ ಬಂದದ್ದು ಆ ದಿನದಿಂದ.

ಮನೆಯ ಕಡೆ ಬಾಗಿರುವ ಎರಡು ಕೊಂಬೆಗಳನ್ನು ಮಾತ್ರ ಕತ್ತರಿಸಿ, ಛಾವಣಿಗೆ ಹಾರುವ ದಾರಿ ಇಲ್ಲವಾಗುತ್ತದೆ. ಅಡುಗೆಮನೆಯ ಹಂಚಿನ ಕೆಳಗೆ ಕಬ್ಬಿಣದ ಬಲೆ ಹಾಕಿಸಿ, ಹಣ ಮುಂದಿನ ವಾರ ಕಳುಹಿಸುತ್ತೇನೆ. ಮೇಲಿನ ಹೋಂಸ್ಟೇಯವರಿಗೆ ಎಂಜಲು ತೋಡಿಗೆ ಸುರಿಯಬೇಡಿ ಎಂದು ನೀವೇ ಹೇಳಬೇಕು, ನಿಮ್ಮ ಮಾತು ಕೇಳುತ್ತಾರೆ.

ಹೂಮಳೆ ಬಿತ್ತೇ? ಎಷ್ಟು ಇಂಚು ಎಂದು ಬರೆಯಿರಿ. ಅವ್ವ, ಈ ಸಲ ಅತ್ತಿ ಹಣ್ಣಾದಾಗ ಒಂದು ಬೆಳಗ್ಗೆ ತೋಡಿನ ಕಲ್ಲಿನ ಮೇಲೆ ಕುಳಿತು, ಯಾರ್ಯಾರು ಬಂದರು ಎಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡು. ಹಕ್ಕಿ, ಅಳಿಲು, ಎಲ್ಲವನ್ನೂ. ರಜೆಗೆ ಬಂದಾಗ ನೋಡುತ್ತೇನೆ.

ನಿಮ್ಮ ಮಗಳು