ಗೆಳೆಯನಿಗೊಂದು ಪತ್ರ: ಎಲ್ಲಿ ಪಟ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಸೈಟ್ ಮುಗಿದಿದೆ, ಆದರೆ ಇನ್ನೂ ಲೈವ್ ಮಾಡಿಲ್ಲ ಅಂದಿದ್ದೀಯ. ಯಾಕೆ ಅಂದರೆ ಪೇಜ್‌ನ ಅಂದ ನೋಡಿಕೊಳ್ಳುವ ಸಿಎಸ್‌ಎಸ್ ಕೋಡ್ ಇನ್ನೊಂದು ಸಲ ಕ್ಲೀನ್ ಮಾಡಬೇಕಂತೆ, ಫೋಲ್ಡರ್‌ಗಳನ್ನೆಲ್ಲ ಹೊಸದಾಗಿ ಜೋಡಿಸಬೇಕಂತೆ, ಸೈಟ್‌ಗೆ ಅಂಕ ಕೊಡುವ ಗೂಗಲ್‌ನ ಲೈಟ್‌ಹೌಸ್‌ನಲ್ಲಿ ನೂರಕ್ಕೆ 94 ಬರುತ್ತಿರುವುದು 100 ಆಗಬೇಕಂತೆ. ಫೋನ್‌ನಲ್ಲಿ ಹೇಳೋಣ ಅಂದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇದೇ ರೋಗ ಇರುವವರು ಇನ್ನೂ ಬಹಳ ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹೇಳಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಟೆಸ್ಟ್ ಲಿಂಕ್ ತೆರೆದು ನೋಡಿದೆ. ಹೋಮ್ ಪೇಜ್ ಚೆನ್ನಾಗಿದೆ, ಎರಡು ಮಾತಿಲ್ಲ. ಮೆನು ತೆರೆದುಕೊಳ್ಳುವ ಅನಿಮೇಷನ್ ನೋಡಿ ಖುಷಿಯಾಯಿತು. ಆಮೇಲೆ ನೋಂದಣಿ ಫಾರ್ಮ್‌ಗೆ ಹೋದೆ. ಎಲ್ಲ ತುಂಬಿ, ಫೋನ್ ನಂಬರ್ ಮಧ್ಯೆ ಬೇಕಂತಲೇ ಒಂದು ಸ್ಪೇಸ್ ಬಿಟ್ಟು ಬಟನ್ ಒತ್ತಿದೆ. ಮೇಲ್ಗಡೆ ಕೆಂಪಕ್ಷರದಲ್ಲಿ ‘ಇನ್‌ವ್ಯಾಲಿಡ್ ಇನ್‌ಪುಟ್’ ಅಂತ ಬಂತು. ಯಾವ ಇನ್‌ಪುಟ್? ಅದು ಹೇಳಲಿಲ್ಲ. ನಾನು ತುಂಬಿದ್ದೆಲ್ಲ ಅಳಿಸಿಹೋಗಿತ್ತು. ಹೆಸರಿನಿಂದ ಮತ್ತೆ ಶುರು.

ಇನ್ನೂ ಒಂದಿದೆ. ಮೊಬೈಲ್‌ನಲ್ಲಿ ಆ ಬಟನ್ ಮೇಲೆ ‘ಅರ್ಜಿ ಸಲ್ಲಿಸಿ’ ಅಂತ ಬರೆದಿದ್ದೀಯ, ಆದರೆ ಕಾಣುವುದು ‘ಅರ್ಜಿ ಸಲಿಸಿ’. ಲ ಒತ್ತು ಕೆಳಗಡೆ ಕತ್ತರಿಸಿ ಹೋಗಿದೆ. ಬಟನ್‌ಗೆ ಎತ್ತರ ಫಿಕ್ಸ್ ಮಾಡಿ, ಲೈನ್ ಹೈಟ್ (ಸಾಲಿನ ಎತ್ತರ) 1 ಕೊಟ್ಟು, ಹೊರಗೆ ಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಹಾಕಿದ್ದೀಯ. ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಡಿಸೈನ್ ಮಾಡಿದಾಗ ಇದು ಕಣ್ಣಿಗೆ ಬೀಳುವುದಿಲ್ಲ. ಕನ್ನಡಕ್ಕೆ ಕೆಳಗೂ ಜಾಗ ಬೇಕು. ಲೈನ್ ಹೈಟ್ 1.5ರ ಹತ್ತಿರ ಇಡು, ಎತ್ತರ ಫಿಕ್ಸ್ ಮಾಡುವ ಬದಲು ಅಕ್ಷರದ ಸುತ್ತ ಪ್ಯಾಡಿಂಗ್ (ಖಾಲಿ ಜಾಗ) ಕೊಡು, ಸರಿಹೋಗುತ್ತದೆ. ಡಿಸೈನ್ ಫೈಲ್‌ಗೂ ಪೇಜ್‌ಗೂ ಒಂದು ಪಿಕ್ಸೆಲ್ ವ್ಯತ್ಯಾಸ ಬಂತು ಅಂತ ಒದ್ದಾಡಿದವನು ನೀನೇ ಅಲ್ವಾ? ಆ ಪಿಕ್ಸೆಲ್ ಯಾರಿಗೂ ಕಾಣುವುದಿಲ್ಲ. ಈ ಒತ್ತು ಎಲ್ಲರಿಗೂ ಕಾಣುತ್ತದೆ.

ನೇರವಾಗಿ ಹೇಳುತ್ತೇನೆ ಕಣೋ. ನೀನು ಪರ್ಫೆಕ್ಷನಿಸ್ಟ್ ಅಂತ ಎಲ್ಲರೂ ಹೇಳುತ್ತಾರೆ, ನೀನೂ ಅದನ್ನು ನಂಬಿಕೊಂಡಿದ್ದೀಯ. ನನಗೆ ಹಾಗೆ ಅನ್ನಿಸುವುದಿಲ್ಲ. ನಿನಗೆ ಇಷ್ಟವಾದ ಕೆಲಸದಲ್ಲಿ ಮಾತ್ರ ನೀನು ಪರ್ಫೆಕ್ಷನಿಸ್ಟ್. ಅನಿಮೇಷನ್‌ಗೆ ವಾರಗಟ್ಟಲೆ ಕೂರುತ್ತೀಯ, ಎರರ್ ಮೆಸೇಜ್ ಬರೆಯಲು ಅರ್ಧ ಗಂಟೆ ಕೊಡುವುದಿಲ್ಲ. ಒಂದರಲ್ಲಿ ಮಜಾ ಇದೆ, ಇನ್ನೊಂದು ಬೋರು. ತಪ್ಪಲ್ಲ, ನಮಗೆಲ್ಲ ಹಾಗೇ. ಆದರೆ ಅದಕ್ಕೆ ಗುಣಮಟ್ಟ ಅಂತ ಹೆಸರು ಕೊಟ್ಟುಕೊಂಡರೆ ಮಾತ್ರ ನನಗೆ ನಗು ಬರುತ್ತದೆ.

ಅಚ್ಚುಕಟ್ಟುತನ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಎಲ್ಲಾ ಕಡೆ ಸಮನಾಗಿ ಹರಡಲು ಹೋಗಬೇಡ, ಅಷ್ಟೇ. ಅಷ್ಟು ಹೊತ್ತು ಯಾರ ಹತ್ತಿರವೂ ಇರುವುದಿಲ್ಲ.

ವೆಬ್‌ನ ಕಥೆಯನ್ನೇ ನೋಡು. ಲಿಂಕ್ ಅನ್ನುವ ಕನಸು ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀಗಿಂತ ಬಹಳ ಹಳೆಯದು. ಟೆಡ್ ನೆಲ್ಸನ್ ಅನ್ನುವವರು 1960ರಲ್ಲೇ ಝನಾಡು ಅಂತ ಒಂದು ಯೋಜನೆ ಶುರು ಮಾಡಿದ್ದರು. ಅದರಲ್ಲಿ ಲಿಂಕ್ ಎರಡೂ ಕಡೆಯಿಂದ ಇರಬೇಕು, ಯಾವತ್ತೂ ಮುರಿಯಬಾರದು, ಯಾರ ಬರಹ ಎಲ್ಲಿಂದ ಬಂತು ಅನ್ನುವುದೂ ಗೊತ್ತಾಗಬೇಕು. ಕೇಳಲು ಎಷ್ಟು ಚೆಂದ! ದಶಕಗಳು ಕಳೆದರೂ ಅದು ಜನರ ಕೈಗೆ ಬರಲಿಲ್ಲ. ಬರ್ನರ್ಸ್-ಲೀ 1989ರಲ್ಲಿ ಸರ್ನ್ ಅನ್ನುವ ಭೌತವಿಜ್ಞಾನ ಸಂಸ್ಥೆಯಲ್ಲಿ ತಮ್ಮ ಪ್ರಸ್ತಾವ ಕೊಟ್ಟರು. ಅವರು ಕಟ್ಟಿದ ವೆಬ್‌ನಲ್ಲಿ ಲಿಂಕ್ ಒಂದೇ ಕಡೆಯಿಂದ. ಆ ಕಡೆಯ ಪೇಜ್ ಇದ್ದರೆ ಇತ್ತು, ಇಲ್ಲದಿದ್ದರೆ ‘ಪೇಜ್ ಸಿಗಲಿಲ್ಲ’ ಅನ್ನುವ 404. ಇದು ಕೊರತೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಇಷ್ಟು ಸಡಿಲ ಬಿಟ್ಟಿದ್ದರಿಂದಲೇ ಯಾರು ಬೇಕಾದರೂ ಯಾರ ಅಪ್ಪಣೆಯೂ ಇಲ್ಲದೆ ಯಾರಿಗೆ ಬೇಕಾದರೂ ಲಿಂಕ್ ಕೊಡುವ ಹಾಗಾಯಿತು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಎಲ್ಲರ ಬಳಕೆಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಮುಂದಿನದು ನಿನಗೆ ಗೊತ್ತು.

ವೆಬ್ ಪೇಜ್ ಬರೆಯುವ ಎಚ್‌ಟಿಎಮ್‌ಎಲ್ ಭಾಷೆಯ ಬಿಗಿ ರೂಪವಾದ ಎಕ್ಸ್‌ಎಚ್‌ಟಿಎಮ್‌ಎಲ್ ಕಥೆ ಇದಕ್ಕಿಂತ ಮಜವಾಗಿದೆ. ನಾವು ಕೆಲಸ ಕಲಿಯುವಾಗ ಎಲ್ಲಾ ಟ್ಯಾಗ್ ಮುಚ್ಚಬೇಕು ಅಂತ ಬೈಸಿಕೊಂಡಿದ್ದೆವಲ್ಲ, ಅದರ ಮೂಲ ಅದೇ. 2000ದಲ್ಲಿ ಅದರ ಮೊದಲ ಆವೃತ್ತಿ ಬಂತು. ಇಡೀ ಪೇಜ್ ಎಕ್ಸ್‌ಎಮ್‌ಎಲ್ ಅನ್ನುವ ಕಟ್ಟುನಿಟ್ಟಿನ ಭಾಷೆಯ ನಿಯಮದ ಪ್ರಕಾರವೇ ಇರಬೇಕು. ಅದನ್ನು ನಿಜವಾಗಿಯೂ ಎಕ್ಸ್‌ಎಮ್‌ಎಲ್ ಅಂತ ಕಳಿಸಿ, ಎಲ್ಲೋ ಒಂದು ಟ್ಯಾಗ್ ಮುಚ್ಚದೆ ಬಿಟ್ಟಿದ್ದರೆ, ಫೈರ್‌ಫಾಕ್ಸ್ ನಿನ್ನ ಪೇಜ್ ಬದಲು ಹಳದಿ ಬಣ್ಣದ ಎರರ್ ತೋರಿಸುತ್ತಿತ್ತು. ತಪ್ಪು ಮಾಡಿದ್ದು ಬರೆದವನು, ಶಿಕ್ಷೆ ಓದಲು ಬಂದವನಿಗೆ! 2004ರಲ್ಲಿ ಮೊಝಿಲಾ, ಒಪೆರಾ ಮತ್ತು ಆಪಲ್‌ನ ಕೆಲವರು ಇದು ನಡೆಯುವ ಮಾತಲ್ಲ ಅಂತ ಬೇರೆ ಗುಂಪು ಕಟ್ಟಿದರು. 2009ರಲ್ಲಿ ಎಕ್ಸ್‌ಎಚ್‌ಟಿಎಮ್‌ಎಲ್ 2ರ ಕೆಲಸವನ್ನು ನಿಲ್ಲಿಸುವುದಾಗಿ, ವೆಬ್ ಸ್ಟ್ಯಾಂಡರ್ಡ್ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಹೇಳಿತು. ಆ ಬೇರೆ ಗುಂಪು ಶುರು ಮಾಡಿದ ಎಚ್‌ಟಿಎಮ್‌ಎಲ್ 5 ಗೆದ್ದಿತು.

ಈ ಕಥೆಯನ್ನು ‘ಜುಗಾಡ್ ಗೆದ್ದಿತು’ ಅಂತ ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಕೆಟ್ಟದಾಗಿ ಬರೆದ ಮಾರ್ಕಪ್ ಬಂದರೆ ಬ್ರೌಸರ್ ಏನು ಮಾಡಬೇಕು ಅನ್ನುವುದನ್ನು ಎಚ್‌ಟಿಎಮ್‌ಎಲ್ 5ರವರು ಹೆಜ್ಜೆ ಹೆಜ್ಜೆಗೂ ಬರೆದಿಟ್ಟರು. ಒಳಗೆ ಟೇಬಲ್, ಅದರೊಳಗೆ ಮುಚ್ಚದ ಬೋಲ್ಡ್ ಟ್ಯಾಗ್, ಅದರೊಳಗೆ ಪ್ಯಾರಾ ಅಂತ ಏನೇ ಬಂದರೂ ಎಲ್ಲಾ ಬ್ರೌಸರ್ ಒಂದೇ ಥರ ನಡೆದುಕೊಳ್ಳಬೇಕು. ಆ ಭಾಗ ಓದಿ ನೋಡು, ತಲೆ ತಿರುಗುತ್ತದೆ. ಅದನ್ನು ಬರೆದವರು ನಿನಗಿಂತ ದೊಡ್ಡ ಪರ್ಫೆಕ್ಷನಿಸ್ಟ್‌ಗಳು. ಪೇಜ್ ಬರೆಯುವವನ ತಲೆ ಮೇಲಿದ್ದ ಭಾರವನ್ನು ಎತ್ತಿ ಬ್ರೌಸರ್ ಮೇಲಿಟ್ಟರು, ಅಷ್ಟೇ.

ನಿನ್ನ ಫೋನ್ ನಂಬರ್ ಪೆಟ್ಟಿಗೆಗೂ ಇದನ್ನೇ ಮಾಡು. ಜನ ಸ್ಪೇಸ್ ಬಿಡಲಿ, ಗೆರೆ ಹಾಕಲಿ. ಅದನ್ನು ತೆಗೆದುಹಾಕಲು ಕೋಡ್‌ನಲ್ಲಿ ಒಂದು ಸಾಲು ಸಾಕು. ಇಮೇಲ್ ವಿಳಾಸ ಪರೀಕ್ಷಿಸಲು ಮೂರು ಸಾಲು ಉದ್ದದ ರೆಜೆಕ್ಸ್ (ಅಕ್ಷರಗಳ ಮಾದರಿ ನೋಡುವ ಸೂತ್ರ) ಬರೆದಿದ್ದೀಯಲ್ಲ, ಅದನ್ನೂ ಕಿತ್ತುಹಾಕು. ಎಚ್‌ಟಿಎಮ್‌ಎಲ್ ಸ್ಟ್ಯಾಂಡರ್ಡ್‌ನಲ್ಲೇ ಇಮೇಲ್ ಪೆಟ್ಟಿಗೆಯ ವಿಚಾರ ಬಂದಾಗ, ನಾವು ಬೇಕಂತಲೇ, ಇಮೇಲ್‌ನ ರೂಪ ಹೇಳುವ ಆರ್‌ಎಫ್‌ಸಿ 5322ರ ನಿಯಮ ಮುರಿಯುತ್ತಿದ್ದೇವೆ ಅಂತ ಬರೆದಿದ್ದಾರೆ. ಆ ನಿಯಮ ಬಳಕೆಗೆ ಸರಿಹೊಂದುವುದಿಲ್ಲ ಅಂತ ಕಾರಣವನ್ನೂ ಕೊಟ್ಟಿದ್ದಾರೆ. ಸ್ಟ್ಯಾಂಡರ್ಡ್ ಬರೆಯುವವರೇ ಕೈಬಿಟ್ಟ ಮೇಲೆ ನಿನ್ನದೇನು? ವಿಳಾಸ ಸರಿಯೋ ತಪ್ಪೋ ಅಂತ ಗೊತ್ತಾಗಬೇಕಾದರೆ ಅದಕ್ಕೊಂದು ಮೇಲ್ ಕಳಿಸು. ಲಿಂಕ್ ಒತ್ತಿದರೆ ಸರಿ.

ಹಾಗಾದರೆ ಪಟ್ಟು ಹಿಡಿಯುವುದು ಎಲ್ಲಿ ಅಂತ ಕೇಳುತ್ತೀಯ. ನಾನು ನೋಡುವುದು ಒಂದೇ: ಇದು ತಪ್ಪಾದರೆ ನಾಳೆ ತಿದ್ದಲು ಆಗುತ್ತದೆಯೇ? ಬಣ್ಣ ತಿದ್ದಬಹುದು. ಫೋಲ್ಡರ್ ತಿದ್ದಬಹುದು. ಯಾರ ಪಾಸ್‌ವರ್ಡೋ ಸೋರಿಹೋದರೆ ತಿದ್ದಲು ಆಗುವುದಿಲ್ಲ.

ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಗೆ ಏನಾಯಿತು ನೋಡು. ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ, ಹತ್ತೇ ದಿನದಲ್ಲಿ ಅದರ ಮೊದಲ ರೂಪ ಬರೆದರು. ಬೇಗ ಮುಗಿಸಿದ್ದಕ್ಕೆ ನನ್ನ ತಕರಾರಿಲ್ಲ, ನಮಗೆಲ್ಲ ಅನ್ನ ಕೊಡುತ್ತಿರುವುದೇ ಅದು. ಆದರೆ ‘ನಲ್’ (‘ಏನೂ ಇಲ್ಲ’ ಅನ್ನುವ ಬೆಲೆ) ಅಂದರೆ ಯಾವ ಟೈಪ್ ಅಂತ ಕೇಳಿದರೆ ಅದು ಇವತ್ತಿಗೂ ‘ಆಬ್ಜೆಕ್ಟ್’ ಅನ್ನುತ್ತದೆ. ತಪ್ಪು ಅಂತ ಎಲ್ಲರಿಗೂ ಗೊತ್ತು. ತಿದ್ದೋಣ ಅಂತ ಮುಂದೊಮ್ಮೆ ಪ್ರಸ್ತಾವವೂ ಬಂತು, ಹಳೆಯ ಸೈಟ್‌ಗಳು ಮುರಿದುಬೀಳುತ್ತವೆ ಅಂತ ಕೈಬಿಟ್ಟರು. ಬೇರೆಯವರು ನಂಬಿಕೊಂಡ ಮೇಲೆ ತಪ್ಪೂ ಒಂದು ನಿಯಮ ಆಗಿಬಿಡುತ್ತದೆ.

ನಿನ್ನ ಸೈಟ್‌ನಲ್ಲಿ ಹಾಗೆ ಬೇರು ಬಿಡುವುದು ಯುಆರ್‌ಎಲ್‌ಗಳು, ಎಪಿಐ (ಬೇರೆ ಪ್ರೋಗ್ರಾಂಗಳು ನಿನ್ನ ಸೈಟ್ ಜೊತೆ ಮಾತಾಡುವ ದಾರಿ), ಡೇಟಾಬೇಸ್ ಟೇಬಲ್‌ಗಳು. ಅಲ್ಲಿ ಎರಡು ದಿನ ಜಾಸ್ತಿ ಕೂತರೂ ನಷ್ಟ ಇಲ್ಲ. ಇನ್ನು ದುಡ್ಡಿನ ಭಾಗ. ನಿನ್ನ ಕೋಡ್‌ನಲ್ಲಿ ಮೊತ್ತವನ್ನು ದಶಮಾಂಶದಲ್ಲೇ ಕೂಡುತ್ತಿದ್ದೀಯ. ಬ್ರೌಸರ್ ಕನ್ಸೋಲ್ ತೆರೆದು 0.1ಕ್ಕೆ 0.2 ಕೂಡಿ ನೋಡು, 0.30000000000000004 ಬರುತ್ತದೆ. ದುಡ್ಡನ್ನು ಅತಿ ಸಣ್ಣ ನಾಣ್ಯದ ಲೆಕ್ಕದಲ್ಲಿ ಪೂರ್ಣ ಸಂಖ್ಯೆಯಾಗಿ ಇಡು. ಪಾವತಿ ಬಟನ್ ಎರಡು ಸಲ ಒತ್ತಿದರೆ ಏನಾಗುತ್ತದೆ ಅಂತ ನೋಡಿದ್ದೀಯಾ? ನೆಟ್ ನಿಧಾನ ಇದ್ದಾಗ ಜನ ಒತ್ತಿಯೇ ಒತ್ತುತ್ತಾರೆ. ಬಟನ್ ಡಿಸೇಬಲ್ ಮಾಡಿದರೆ ಸಾಲದು, ನೆಟ್ ಕಟ್ ಆಗಿ ಪೇಜ್ ರಿಫ್ರೆಶ್ ಮಾಡಿದರೆ ಅದೇ ಕೋರಿಕೆ ಮತ್ತೆ ಹೋಗುತ್ತದೆ. ಒಂದೊಂದು ಆರ್ಡರ್‌ಗೂ ಒಂದು ಕೀ ಕೊಟ್ಟು, ಅದೇ ಕೀ ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಹಣ ಕತ್ತರಿಸದೆ ಹಳೆಯ ಉತ್ತರವನ್ನೇ ಕೊಡಬೇಕು. ಇದು ಯಾರಿಗೂ ಕಾಣದ ಕೆಲಸ. ಚಪ್ಪಾಳೆ ಸಿಗುವುದಿಲ್ಲ. ಇಲ್ಲಿ ನೀನು ಎಷ್ಟು ಪರ್ಫೆಕ್ಷನಿಸ್ಟ್ ಆದರೂ ನಾನು ಬೈಯುವುದಿಲ್ಲ.

ಪಾಸ್‌ವರ್ಡ್ ಯಾರಿಗೂ ಓದಲಾಗದ ಹಾಗೆ ಬದಲಿಸಿಡಲು ಬಿಕ್ರಿಪ್ಟ್ ಅಥವಾ ಆರ್ಗಾನ್2 ಬಳಸು, ನೀನೇ ಏನೂ ಕಂಡುಹಿಡಿಯಲು ಹೋಗಬೇಡ. ಬ್ಯಾಕಪ್ ಇದೆ ಅಂದರೆ ಸಾಲದು, ಒಂದು ಸಲ ಅದರಿಂದ ಡೇಟಾ ವಾಪಸ್ ತಂದು ನೋಡು.

ಲೈಟ್‌ಹೌಸ್ ವಿಷಯಕ್ಕೆ ಬರುತ್ತೇನೆ. ಆ 94 ಬರುತ್ತಿರುವುದು ನಿನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಒಂದು ಪರೀಕ್ಷೆಯಿಂದ. 90 ದಾಟಿದರೆ ಅದೇ ಹಸಿರು ಬಣ್ಣ ಕೊಡುತ್ತದೆ. ನಿಜವಾದ ಬಳಕೆದಾರರ ಅನುಭವ ಅಳೆಯಲು ಗೂಗಲ್ ಬೇರೆ ಮಟ್ಟ ಇಟ್ಟಿದೆ. ಪೇಜ್‌ನ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಲೇಔಟ್ ಕುಣಿಯುವ ಅಂಕ 0.1 ದಾಟಬಾರದು. ಅದೂ ನೂರಕ್ಕೆ ನೂರು ಭೇಟಿಗಳಲ್ಲಿ ಅಲ್ಲ, 75ರಲ್ಲಿ ಹೀಗಿದ್ದರೆ ಸಾಕು. ಅಷ್ಟು ದೊಡ್ಡ ಕಂಪನಿಯೇ ನೂರರಲ್ಲಿ 75 ಭೇಟಿಗಳಿಗೆ ತೃಪ್ತಿಪಟ್ಟುಕೊಂಡಿದೆ, ನೀನು 94 ಇಟ್ಟುಕೊಂಡು ನಿದ್ದೆ ಕೆಡಿಸಿಕೊಂಡಿದ್ದೀಯ.

ಆಕ್ಸೆಸಿಬಿಲಿಟಿಯಲ್ಲಿ (ಅಂಗವೈಕಲ್ಯ ಇರುವವರೂ ಬಳಸಬಹುದೇ ಅನ್ನುವುದರಲ್ಲಿ) 100 ಬಂದಿದೆ ಅಂತ ಬೀಗಬೇಡ, ಅದು ಇನ್ನೊಂದು ಮೋಸ. ಚಿತ್ರಕ್ಕೆ ವಿವರಣೆ ಇದೆಯೋ ಇಲ್ಲವೋ ಅಂತ ಯಂತ್ರ ನೋಡುತ್ತದೆ. ‘ಇಮೇಜ್ 1’ ಅಂತ ಬರೆದಿದ್ದರೂ ಅದಕ್ಕೆ ಸಮಾಧಾನ. ಮೌಸ್ ಪಕ್ಕಕ್ಕಿಟ್ಟು ಬರೀ ಕೀಬೋರ್ಡ್‌ನಲ್ಲಿ ನಿನ್ನ ಸೈಟ್ ಬಳಸಿ ನೋಡು. ನಾನು ನೋಡಿದೆ. ಆ ಚೆಂದದ ಮೆನು ತೆರೆಯಲೇ ಇಲ್ಲ, ಯಾಕೆಂದರೆ ಅದು ಡಿವ್, ಅಂದರೆ ಬರೀ ಪೆಟ್ಟಿಗೆಯಂಥ ಟ್ಯಾಗ್. ಡಿವ್ ತೆಗೆದು ಬಟನ್ ಟ್ಯಾಗ್ ಹಾಕಿದರೆ ಎಂಟರ್, ಸ್ಪೇಸ್ ಎರಡೂ ತಾನಾಗಿ ಕೆಲಸ ಮಾಡುತ್ತವೆ. ಹಳೆಯ ಸಾದಾ ಟ್ಯಾಗ್‌ಗಳನ್ನು ಕಂಡರೆ ನಿನಗ್ಯಾಕೆ ಅಷ್ಟು ಅಸಡ್ಡೆಯೋ!

ಹಾಗಂತ ‘ಹೇಗೋ ನಡೆಯುತ್ತೆ ಬಿಡಿ’ ಅನ್ನುವವರ ಪರ ನಾನಿಲ್ಲ. ಅಂಥವರ ಜೊತೆ ಕೆಲಸ ಮಾಡಿದ್ದೇನೆ. ಇವತ್ತು ಹಾಕೋಣ, ಆಮೇಲೆ ಸರಿಮಾಡೋಣ ಅನ್ನುತ್ತಾರೆ. ಆ ‘ಆಮೇಲೆ’ ಬರುವುದಿಲ್ಲ. ಕೋಡ್ ತುಂಬಾ ‘ಟುಡೂ’ (ಮುಂದೆ ಮಾಡಬೇಕು) ಅನ್ನುವ ಕಮೆಂಟ್‌ಗಳು, ಬರೆದವರು ಕೆಲಸ ಬಿಟ್ಟು ಹೋಗಿಯೂ ಆಗಿರುತ್ತದೆ. ಪ್ರಾಕ್ಟಿಕಲ್ ಅನ್ನುವುದು ಎಷ್ಟೋ ಸಲ ಸೋಮಾರಿತನದ ಒಳ್ಳೆಯ ಹೆಸರು. ಈಗ ಬಿಡುತ್ತಿರುವುದನ್ನು ಎಲ್ಲರೂ ನೋಡುವ ಪಟ್ಟಿಯಲ್ಲಿ ಬರೆದು, ಯಾಕೆ ಬಿಟ್ಟೆವು, ಯಾವಾಗ ಮತ್ತೆ ನೋಡಬೇಕು ಅಂತ ಸೇರಿಸಿದರೆ ಅದು ಪ್ರಾಕ್ಟಿಕಲ್. ಮರೆತುಬಿಡುವುದು ಬೇರೆ.

ಇನ್ನೊಂದು ಕೆಲಸ ಇದೆ, ಅದನ್ನು ಮಾಡಿಕೊಂಡರೆ ನಿನ್ನ ಅರ್ಧ ಭಯ ಹೋಗುತ್ತದೆ. ಲೈವ್ ಮಾಡಿದ್ದು ಕೆಟ್ಟರೆ ಒಂದೇ ಕಮಾಂಡ್‌ನಲ್ಲಿ ಹಿಂದಿನ ಆವೃತ್ತಿಗೆ ಹೋಗುವ ವ್ಯವಸ್ಥೆ, ಅಂದರೆ ರೋಲ್‌ಬ್ಯಾಕ್. ಈಗ ನೀನು ಕೈಯಾರೆ ಫೈಲ್ ಅಪ್‌ಲೋಡ್ ಮಾಡುತ್ತಿದ್ದೀಯ, ಒಂದು ಫೈಲ್ ಬಿಟ್ಟುಹೋದರೂ ಎದೆ ಢವಢವ. ಹಿಂದಕ್ಕೆ ಬರುವ ದಾರಿ ಗಟ್ಟಿ ಇಲ್ಲದ್ದಕ್ಕೇ ಮುಂದೆ ಕಾಲಿಡಲು ನಿನಗೆ ಇಷ್ಟು ಹೆದರಿಕೆ ಅಂತ ನನ್ನ ಅನುಮಾನ. ಡೇಟಾಬೇಸ್ ಬದಲಾವಣೆ ಇದ್ದರೆ ಮೊದಲು ಹೊಸ ಕಾಲಮ್ ಸೇರಿಸು, ಹಳೆಯದನ್ನು ಕೆಲವು ದಿನ ಹಾಗೇ ಬಿಡು. ಎಲ್ಲ ಸರಿ ಇದೆ ಅಂತ ಗೊತ್ತಾದ ಮೇಲೆ ತೆಗೆ. ಆ ಫೋಲ್ಡರ್‌ಗಳಿಗೆ ಇಟ್ಟಿದ್ದ ದಿನಗಳನ್ನು ಇದಕ್ಕೆ ಕೊಡು.

ಅಂದರೆ ಈ ವಾರ ಫಾರ್ಮ್, ಆ ಒತ್ತು, ಮೆನು ಬಟನ್, ಪಾವತಿ ಕೀ, ರೋಲ್‌ಬ್ಯಾಕ್ ಇಷ್ಟು ಮುಗಿಸು. ಅನಿಮೇಷನ್ ಹಾಗೇ ಇರಲಿ, ನನಗೂ ಇಷ್ಟವಾಯಿತು. ಮೋಷನ್ ಕಡಿಮೆ ಬೇಕು ಅಂತ ಸೆಟ್ಟಿಂಗ್ ಇಟ್ಟುಕೊಂಡವರಿಗೆ ಮಾತ್ರ ಅದನ್ನು ನಿಲ್ಲಿಸು, ಸಿಎಸ್‌ಎಸ್‌ನಲ್ಲಿ ಅದಕ್ಕೊಂದು ಮೀಡಿಯಾ ಕ್ವೆರಿ (ಷರತ್ತು) ಇದೆ. ಶುಕ್ರವಾರ ಸಂಜೆ ಲೈವ್ ಮಾಡಲು ಹೋಗಬೇಡ, ಏನಾದರೂ ಕೆಟ್ಟರೆ ಶನಿವಾರ ಭಾನುವಾರ ಎರಡೂ ಹಾಳು. ಮಂಗಳವಾರ ಬೆಳಿಗ್ಗೆ ಮಾಡು, ದಿನವಿಡೀ ಲಾಗ್ ನೋಡಲು ಸಿಗುತ್ತದೆ. ಆವತ್ತು ನಾನೂ ಬಿಡುವಾಗಿದ್ದೇನೆ, ಏನಾದರೂ ಸಿಕ್ಕಿಕೊಂಡರೆ ಫೋನ್ ಮಾಡು.

ಇಂತಿ,
ನಿನ್ನ ಗೆಳೆಯ